ಜೆಬೆದಾಯನ ದೋಣಿಯ ಕೂಲಿಯಾಳುಗಳು: ದಿನಕರ ದೇಸಾಯಿ, ಕರಾವಳಿಯ ದುಡಿಮೆ ಮತ್ತು ನಮ್ಮ ದೈವಶಾಸ್ತ್ರ

ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ನಮ್ಮ ಗುರುಮಠಗಳಲ್ಲಿ ಕಲಿಸುವುದಕ್ಕೆ ಒಂದು ಸಿದ್ಧ ದಾರಿಯಿದೆ. ಜಗದ್ಗುರು ಹದಿಮೂರನೇ ಲಿಯೋ 1891ರ ಮೇ 15ರಂದು ಹೊರಡಿಸಿದ ‘ರೇರುಮ್ ನೊವಾರುಮ್’ ವಿಶ್ವಪತ್ರದಿಂದ ಹೊರಟು, 1931ರ ‘ಕ್ವಾದ್ರಾಜೆಸಿಮೊ ಆನ್ನೊ’, 1961ರ ‘ಮಾತೆರ್ ಎತ್ ಮಜಿಸ್ತ್ರ’ಗಳನ್ನು ಹಾಯ್ದು, 1981ರ ‘ಲಾಬೊರೆಮ್ ಎಕ್ಸೆರ್ಚೆನ್ಸ್’ ತಲಪುವುದು ಆ ದಾರಿ. ಅದರುದ್ದಕ್ಕೂ ನಾವು ಕಾಣುವುದು ಗಿರಣಿಯ ಚಿಮಣಿ, ಗಣಿಯ ಸುರಂಗ, ವಾರದ ಕೂಲಿಯ ಲಕೋಟೆ. ಒಂದು ಕಡೆ ಮಾಲೀಕ, ಇನ್ನೊಂದು ಕಡೆ ಕಾರ್ಮಿಕ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಿಂದ ಬರುವ ವಿದ್ಯಾರ್ಥಿಗೆ ಈ ಚಿತ್ರದೊಳಗೆ ತನ್ನ ಅಜ್ಜ ಕಾಣಿಸುವುದಿಲ್ಲ. ಅಜ್ಜ ಗೇಣಿಯ ಗದ್ದೆಯಲ್ಲಿ ದುಡಿದವನು, ಇಲ್ಲವೇ ರಂಪಣಿಯ ಹಗ್ಗ ಎಳೆದವನು, ಇಲ್ಲವೇ ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಗೋರಿದವನು. ಅವನಿಗೆ ಒಡೆಯನಿದ್ದನು, ಮಾಲೀಕನಿರಲಿಲ್ಲ. ಪಾಲು ಇತ್ತು, ಸಂಬಳವಿರಲಿಲ್ಲ. ಹಾಗಾದರೆ ಆ ಬೋಧನೆ ಅವನ ಕುರಿತು ಏನನ್ನೂ ಹೇಳಲಿಲ್ಲವೇ? ಹೇಳಿದೆ ಎಂಬುದು ನಮ್ಮ ನಿಲುವು. ಆದರೆ ಅದನ್ನು ಕೇಳಿಸಿಕೊಳ್ಳಬೇಕಾದರೆ ಈ ನೆಲದಲ್ಲೇ ದುಡಿಮೆಯ ಕುರಿತು ಯೋಚಿಸಿದವರನ್ನು ಜೊತೆಯಲ್ಲಿಟ್ಟುಕೊಂಡು ಓದಬೇಕು. ಇಲ್ಲಿ ನಾವು ಆರಿಸಿಕೊಂಡಿರುವುದು ದಿನಕರ ದೇಸಾಯಿಯವರನ್ನು (1909–1982).

ಸಾಹಿತ್ಯ ವಿಮರ್ಶೆಯಲ್ಲಿ ದೇಸಾಯಿಯವರು ‘ಚುಟುಕು ಬ್ರಹ್ಮ’. ಜಿಲ್ಲೆಯ ರಾಜಕೀಯ ನೆನಪಿನಲ್ಲಿ ರೈತಕೂಟದ ನಾಯಕ, 1967ರಲ್ಲಿ ಲೋಕಸಭೆಗೆ ಆರಿಸಿಹೋದ ಸ್ವತಂತ್ರ ಅಭ್ಯರ್ಥಿ. ಶಿಕ್ಷಣದ ಚರಿತ್ರೆಯಲ್ಲಿ 1953ರ ಕೆನರಾ ವೆಲ್‌ಫೇರ್ ಟ್ರಸ್ಟಿನ ಸ್ಥಾಪಕ. ಈ ಮೂವರೂ ಒಬ್ಬರೇ ಎಂಬುದನ್ನು ಪ್ರತಿಯೊಂದು ಸ್ಮರಣೆಯೂ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತದೆ. ನಾಲ್ಕನೆಯವರೊಬ್ಬರು ಇದ್ದಾರೆ, ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಅವರು ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಸದಸ್ಯರಾಗಿ ಹಡಗು ಕಾರ್ಮಿಕರನ್ನು ಸಂಘಟಿಸಿದ, 1940ರಲ್ಲಿ ಭಾರತದ ಹಡಗು ಕಾರ್ಮಿಕರ ಸ್ಥಿತಿಗತಿಗಳ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ ದೇಸಾಯಿ. ಅದೇ 1940ರಲ್ಲಿ ಬ್ರಿಟಿಷ್ ಸರಕಾರ ಅವರನ್ನು ಐದು ವರ್ಷ ಸ್ವಂತ ಜಿಲ್ಲೆಯಿಂದ ಗಡಿಪಾರು ಮಾಡಿತು. ಗದ್ದೆಯ ಒಕ್ಕಲು ಮತ್ತು ಹಡಗಿನ ಖಲಾಸಿ, ಇಬ್ಬರನ್ನೂ ಒಂದೇ ಪ್ರಶ್ನೆಯ ಎರಡು ಮುಖಗಳಾಗಿ ಕಂಡ ಮನಸ್ಸು ಇದು. ನಮ್ಮ ಓದಿಗೆ ಬೇಕಾಗಿರುವುದು ಈ ಮನಸ್ಸು.

ಮೊದಲು ಗದ್ದೆಯ ವಿಷಯ. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಇಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುತನವಿತ್ತು. ಮೂಲಗೇಣಿಯವನಿಗೆ ನೆಲದ ಮೇಲೆ ಶಾಶ್ವತವಾದ ಹಿಡಿತವುಂಟು; ಚಾಲಗೇಣಿಯವನನ್ನು ಒಡೆಯನು ಬೇಡವೆಂದಾಗ ಎಬ್ಬಿಸಬಹುದು. ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು ಮುಂತಾದವರಲ್ಲಿ ಬಹುಪಾಲು ಜನ ಚಾಲಗೇಣಿಯ ಒಕ್ಕಲುಗಳಾಗಿದ್ದರು. 1930ರ ಉಪ್ಪಿನ ಸತ್ಯಾಗ್ರಹದಿಂದಲೂ ಅದರ ಹಿಂದೆಯೇ ಬಂದ ಕರನಿರಾಕರಣೆಯಿಂದಲೂ ಅಂಕೋಲಾ, ಸಿದ್ದಾಪುರ ತಾಲೂಕುಗಳು ನಾಡಿನ ಚರಿತ್ರೆಯಲ್ಲಿ ಹೆಸರಾದವು. ಕರನಿರಾಕರಣೆಯ ತ್ಯಾಗ ದೊಡ್ಡದು; ಹೊಲಮನೆ ಜಪ್ತಾದರೂ ಕುಗ್ಗದವರ ಕಥೆ ಅದು. ಆದರೆ ಕರ ಸರಕಾರಕ್ಕೆ ಸಲ್ಲುವುದು, ಗೇಣಿ ಒಡೆಯನಿಗೆ ಸಲ್ಲುವುದು. ಕರವನ್ನು ಪ್ರಶ್ನಿಸಿದ ಚಳವಳಿ ಗೇಣಿಯನ್ನೂ ಪ್ರಶ್ನಿಸೀತೇ ಎಂಬುದು ಒಕ್ಕಲಿನ ಎದೆಯೊಳಗೆ ಉಳಿದ ಮಾತು. ದೇಸಾಯಿಯವರೂ ಅವರ ಜೊತೆಗಾರರೂ ಕಟ್ಟಿದ ರೈತಕೂಟ ಆ ಮಾತನ್ನು ಬಾಯಿಬಿಟ್ಟು ಆಡಿತು. ಅದಕ್ಕೆ ಸಿಕ್ಕ ಉತ್ತರ ಗಡಿಪಾರು.

ಇಲ್ಲಿಗೆ ನಿಂತು ‘ರೇರುಮ್ ನೊವಾರುಮ್’ ಅನ್ನು ತೆರೆಯೋಣ. ಖಾಸಗಿ ಆಸ್ತಿಯ ಹಕ್ಕನ್ನು ಸಮಾಜವಾದಿಗಳ ಎದುರು ಸಮರ್ಥಿಸಲು ಲಿಯೋ ಒಂದು ವಾದವನ್ನು ಹೂಡುತ್ತಾರೆ: ಉಳುವವನು ನೆಲದ ಮೇಲೆ ತನ್ನ ವ್ಯಕ್ತಿತ್ವದ ಅಚ್ಚನ್ನು ಒತ್ತುತ್ತಾನೆ; ಅವನು ಬೆವರು ಸುರಿಸಿ ಹದಗೊಳಿಸಿದ ನೆಲದ ಫಲವನ್ನು ಮತ್ತೊಬ್ಬನು ಅನುಭವಿಸುವುದು ನ್ಯಾಯವಲ್ಲ. ಯೂರೋಪಿನಲ್ಲಿ ಈ ವಾದ ಆಸ್ತಿವಂತನ ಪರವಾಗಿ ಓದಿಸಿಕೊಂಡಿತು. ಅದನ್ನೇ ಕುಮಟಾದ ಚಾಲಗೇಣಿಯ ಗದ್ದೆಗೆ ತಂದರೆ ತಕ್ಕಡಿ ಆಚೆ ಕಡೆಗೆ ತೂಗುತ್ತದೆ. ಅಚ್ಚು ಒತ್ತಿದವನು ಒಕ್ಕಲು, ಫಲ ಅನುಭವಿಸಿದವನು ಒಡೆಯ. ಲಿಯೋ ಅವರ ವಾದಕ್ಕೆ ನಿಷ್ಠರಾಗಿರುವುದಾದರೆ ನಮ್ಮ ಕರಾವಳಿಯಲ್ಲಿ ರೈತಕೂಟದ ಪಕ್ಕದಲ್ಲಿ ನಿಲ್ಲಬೇಕಾಗುತ್ತಿತ್ತು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ವಿಶ್ವಪತ್ರಕ್ಕೆ ಹೊರಗಿನದಲ್ಲ. ವಿಶ್ವಪತ್ರದ ಒಳಗಿನ ತರ್ಕ ನಮ್ಮ ನೆಲದಲ್ಲಿ ಪಡೆಯುವ ರೂಪವೇ ಅದು. ನಮ್ಮ ಪಾಠಪುಸ್ತಕಗಳು ಈ ವಾದವನ್ನು ಇಂದಿಗೂ ಆಸ್ತಿಯ ಅಧ್ಯಾಯದಲ್ಲಿ ಕಲಿಸುತ್ತವೆ, ದುಡಿಮೆಯ ಅಧ್ಯಾಯದಲ್ಲಿ ಅಲ್ಲ. ಬರೀ ವರ್ಗೀಕರಣದ ವಿಷಯವೆಂದು ತೋರಬಹುದು. ಆದರೆ ಯಾರ ಕಡೆಯಿಂದ ಓದುತ್ತೇವೆ ಎಂಬುದನ್ನು ಅದು ಬಯಲು ಮಾಡುತ್ತದೆ.

ಈಗ ಕವಿತೆಯ ಕಡೆಗೆ. ದೇಸಾಯಿಯವರ ‘ಎನ್ನ ದೇಹದ ಬೂದಿ’ ಕನ್ನಡಿಗರು ಶಾಲೆಯಿಂದಲೇ ಬಲ್ಲ ಕವನ. ತನ್ನ ಶರೀರ ಸುಟ್ಟುಳಿದದ್ದನ್ನು ಮೂರು ಕಡೆ ಹಾಕಿರೆಂದು ಕವಿ ಕೋರುತ್ತಾನೆ. ಗದ್ದೆಯಲ್ಲಿ ಅದು ಗೊಬ್ಬರವಾಗಿ ತೆನೆ ಏಳಬೇಕು. ಹೊಳೆಯಲ್ಲಿ ಅದನ್ನುಂಡು ಮೀನು ಬೆಳೆಯಬೇಕು. ಕೊಳದಲ್ಲಿ ಅದು ಕೆಸರಿನೊಡನೆ ಬೆರೆತು ತಾವರೆ ಮೂಡಬೇಕು. ಸಾವಿನ ಕವಿತೆಯೆಂದು ಇದನ್ನು ಓದುವುದು ರೂಢಿ. ನಾವು ಇದನ್ನು ಸ್ಥಳಗಳ ಕವಿತೆಯೆಂದು ಓದಬಯಸುತ್ತೇವೆ. ಕುಮಟಾ ತಾಲೂಕಿನಲ್ಲೇ ಗೋಕರ್ಣವಿದೆ. ಅಸ್ಥಿ ವಿಸರ್ಜನೆಗೂ ಪಿತೃಕಾರ್ಯಕ್ಕೂ ದೂರದೂರದಿಂದ ಜನ ಬರುವ ತೀರ್ಥವದು. ಈ ಜಿಲ್ಲೆಯ ಮಗನೊಬ್ಬನು ತನ್ನ ಬೂದಿಯನ್ನು ತೀರ್ಥಕ್ಕೆ ಕಳಿಸದೆ ಭತ್ತ ಬೆಳೆಯುವ, ಮೀನು ಹಿಡಿಯುವ ಜಾಗಗಳಿಗೆ ಕಳಿಸುತ್ತಾನೆ. ಹೊಳೆಯೆಂದರೆ ಯಾವುದೋ ಒಂದು ಹೊಳೆಯಲ್ಲ, ಬಲೆ ಬೀಳುವ ಹೊಳೆ. ದುಡಿಮೆಯ ಜಾಗವೇ ಪುಣ್ಯದ ಜಾಗವೆಂಬ ತೀರ್ಮಾನವನ್ನು ಕವಿತೆ ವಾದಿಸದೆ ಮಾಡಿಬಿಡುತ್ತದೆ. ಚೆಲುವಿನ ತಾವರೆ ಬರುವುದೂ ಮೂರನೆಯದಾಗಿ. ಅನ್ನವೂ ಮೀನೂ ಆದ ಮೇಲೆ.

ಕ್ರೈಸ್ತ ಓದುಗನಿಗೆ ಇಲ್ಲಿ ಸಂತ ಯೊವಾನ್ನನ ಶುಭಸಂದೇಶದ 12ನೇ ಅಧ್ಯಾಯ ನೆನಪಾಗದೆ ಇರದು: ನೆಲಕ್ಕೆ ಬಿದ್ದು ಸತ್ತ ಕಾಳೇ ಬಹಳ ಫಲ ಕೊಡುತ್ತದೆಂಬ ಪ್ರಭುವಿನ ಮಾತು. ಎರಡನ್ನೂ ಅವಸರದಲ್ಲಿ ಹೊಲಿದುಬಿಡುವುದು ಸುಲಭ, ಹೊಲಿದರೆ ಕೆಡುತ್ತದೆ. ಬೂದಿಗೆ ಮೊಳಕೆಯಿಲ್ಲ, ಅದು ಇನ್ನೊಂದರ ಮೊಳಕೆಗೆ ಒದಗುತ್ತದೆ. ಶುಭಸಂದೇಶದ ಕಾಳು ತಾನೇ ಎದ್ದುಬರುತ್ತದೆ. ಕವಿಗೆ ಪುನರುತ್ಥಾನದ ಭರವಸೆಯಿಲ್ಲ, ಅದನ್ನು ಅವನ ಮೇಲೆ ಹೇರುವ ಹಕ್ಕು ನಮಗಿಲ್ಲ. ಆದರೂ ಇಬ್ಬರೂ ಕೂಡುವ ಒಂದು ಬಿಂದುವುಂಟು. ಪ್ರಭು ಕೊಟ್ಟದ್ದು ತನ್ನ ಪ್ರಾಣ. ಕವಿ ಕೊಟ್ಟದ್ದು ತನ್ನ ಬೂದಿ. ಅರ್ಪಣೆಯೆಂಬುದು ತನ್ನದನ್ನು ಮಾತ್ರ ಕೊಡಬಲ್ಲದು. ಇನ್ನೊಬ್ಬನ ಗದ್ದೆ, ಇನ್ನೊಬ್ಬನ ದಂಡೆ, ಇನ್ನೊಬ್ಬಳ ಬುಟ್ಟಿಯನ್ನು ತೆಗೆದುಕೊಂಡು ‘ನಾಡಿಗಾಗಿ ತ್ಯಾಗ ಮಾಡಿರಿ’ ಎನ್ನುವುದು ತ್ಯಾಗದ ಭಾಷೆಯಲ್ಲಿ ಆಡಿದ ಕಸಿತದ ಮಾತು. ಈ ವ್ಯತ್ಯಾಸವನ್ನು ಹಿಡಿದುಕೊಳ್ಳದ ಶಿಲುಬೆಯ ದೈವಶಾಸ್ತ್ರ ದುಡಿಯುವವರಿಗೆ ಸಹನೆಯನ್ನು ಮಾತ್ರ ಕಲಿಸೀತು.

ದೋಣಿಯ ವಿಷಯಕ್ಕೆ ಬರೋಣ. ಮೊದಲ ಶಿಷ್ಯರ ಕರೆಯನ್ನು ಹೇಳುವಾಗ ಸಂತ ಮಾರ್ಕನು ಒಂದು ಸಣ್ಣ ವಿವರವನ್ನು ಉಳಿಸಿದ್ದಾನೆ (1:20): ಯಕೋಬ ಯೊವಾನ್ನರು ತಂದೆ ಜೆಬೆದಾಯನನ್ನು ಕೂಲಿಯಾಳುಗಳ ಜೊತೆ ದೋಣಿಯಲ್ಲೇ ಬಿಟ್ಟು ಹೊರಟರು. ಮೂಲದ ‘ಮಿಸ್ತೊತೊಯ್’ ಎಂಬ ಪದಕ್ಕೆ ಕೂಲಿಗೆ ಗೊತ್ತಾದವರು ಎಂದೇ ಅರ್ಥ. ಸಂತ ಲೂಕನು ಇದೇ ಸಂದರ್ಭದಲ್ಲಿ ಬೇರೆ ಪದ ಬಳಸುತ್ತಾನೆ (5:10): ಯಕೋಬ ಯೊವಾನ್ನರು ಸಿಮೋನನಿಗೆ ‘ಕೊಯ್ನೊನೊಯ್’, ಅಂದರೆ ಪಾಲುಗಾರರು. ಆದಿ ಧರ್ಮಸಭೆಯ ಅನ್ಯೋನ್ಯತೆಗೆ ಪ್ರೇಷಿತರ ಕಾರ್ಯಕಲಾಪಗಳು ಕೊಡುವ ‘ಕೊಯ್ನೊನಿಯ’ ಎಂಬ ಹೆಸರು (2:42) ಇದೇ ಬೇರಿನದು. ನಾವು ಬಲಿಪೂಜೆಯಲ್ಲಿ ಸವಿಯುವ ಅನ್ಯೋನ್ಯತೆಯ ಪದ ಒಂದು ಕಾಲದಲ್ಲಿ ಮೀನಿನ ಪಾಲಿನ ಪದವೂ ಆಗಿತ್ತು. ಗಲಿಲೇಯದ ಅದೇ ದಡದಲ್ಲಿ ಪಾಲುಗಾರನೂ ಇದ್ದಾನೆ, ಕೂಲಿಯಾಳೂ ಇದ್ದಾನೆ. ಪಾಲುಗಾರರ ಹೆಸರು ನಮಗೆ ಗೊತ್ತು. ಕೂಲಿಯಾಳುಗಳ ಹೆಸರು ಯಾರೂ ಬರೆದಿಡಲಿಲ್ಲ.

ನಮ್ಮ ದಂಡೆಯ ಚರಿತ್ರೆಯೂ ಈ ಎರಡು ಪದಗಳ ನಡುವೆಯೇ ನಡೆದಿದೆ. ರಂಪಣಿ ಬಲೆ ಒಬ್ಬರಿಂದ ಎಳೆಯುವಂಥದಲ್ಲ. ಹಲವು ಹತ್ತು ಜನ ದಂಡೆಯ ಮೇಲೆ ಎರಡು ಸಾಲಾಗಿ ನಿಂತು ಎಳೆಯಬೇಕು, ಬಂದದ್ದನ್ನು ಪಾಲು ಹಾಕಬೇಕು. ಅದರಲ್ಲೂ ಬಲೆಯ ಒಡೆಯನ ಪಾಲು ದೊಡ್ಡದೇ. ಅದನ್ನು ಸ್ವರ್ಗವೆಂದು ಬಣ್ಣಿಸುವುದು ಬೇಡ. ಆದರೂ ಎಳೆದವನು ಪಾಲಿಗೆ ಬಾಧ್ಯನಾಗಿದ್ದನು. 1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ದೋಣಿಗಳು ಬಂದವು. ಬಂಗುಡೆ, ತಾರ್ಲೆಯ ಹಿಂಡು ದಂಡೆಗೆ ಬರುವ ಮೊದಲೇ ನಡುಗಡಲಿನಲ್ಲಿ ಸುತ್ತುಬಲೆಗೆ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಬಿತ್ತು. ಇಂದು ಯಾಂತ್ರಿಕ ದೋಣಿಗಳಲ್ಲಿ ಒಡಿಶಾ, ಆಂಧ್ರ, ಜಾರ್ಖಂಡದಿಂದ ಬಂದ ಕೂಲಿಗಳಿದ್ದಾರೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಅವರು ಊರಿಗೆ ಮರಳುತ್ತಾರೆ. ಪಾಲುಗಾರ ಕೂಲಿಯಾಳಾದನು, ಬಳಿಕ ಕೂಲಿಯಾಳೂ ಪರವೂರಿನವನಾದನು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮೀನುಗಾರಿಕೆಯ ಕೆಲಸಕ್ಕಾಗಿಯೇ 2007ರಲ್ಲಿ ಅಂಗೀಕರಿಸಿದ 188ನೇ ಒಡಂಬಡಿಕೆ ಬರಹದ ಕೆಲಸದ ಕರಾರು, ವಿಶ್ರಾಂತಿಯ ಅವಧಿ, ದೋಣಿಯಲ್ಲಿ ಔಷಧೋಪಚಾರ ಇಷ್ಟನ್ನು ಕೇಳುತ್ತದೆ. 1940ರಲ್ಲಿ ಹಡಗಿನ ಖಲಾಸಿಗಾಗಿ ದೇಸಾಯಿಯವರು ಎತ್ತಿದ ಪ್ರಶ್ನೆಗಳಿಗೂ ಇವಕ್ಕೂ ನಡುವೆ ಬಹಳ ದೂರವಿಲ್ಲ. ಆ ಕಾಲದಲ್ಲಿ ಹಡಗಿನ ನೇಮಕ ಸಾರಂಗರ ಮತ್ತು ದಲ್ಲಾಳಿಗಳ ಕೈಯಲ್ಲಿತ್ತು. ಇಂದು ದೋಣಿಯ ನೇಮಕ ಅನೇಕ ಕಡೆ ಮುಂಗಡ ಹಣ ಕೊಡುವ ಮಧ್ಯವರ್ತಿಯ ಕೈಯಲ್ಲಿದೆ.

ದಂಡೆಯೇ ಇಲ್ಲವಾಗುವ ಪ್ರಶ್ನೆ ಇದಕ್ಕಿಂತ ಈಚಿನದು. ಶರಾವತಿ ಕಡಲು ಸೇರುವ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರಿಗೆಂದು 2010ರಲ್ಲಿ ಸರಕಾರ ಜಾಗವನ್ನು ಗುತ್ತಿಗೆಗೆ ಕೊಟ್ಟಿತು. ಅಲ್ಲಿ ಮನೆಗಳಿವೆ, ಹೆಂಗಸರು ಮೀನು ಒಣಗಿಸುವ ಮರಳಿದೆ, ಕಡಲಾಮೆ ಮೊಟ್ಟೆಯಿಡುವ ತೀರವಿದೆ. 2022ರ ಆರಂಭದಿಂದ ಈಚೆಗೆ ಮೀನುಗಾರರ ವಿರೋಧ, ಪೊಲೀಸರ ಬಂಧನ, ನಿಷೇಧಾಜ್ಞೆ ಮತ್ತೆಮತ್ತೆ ಸುದ್ದಿಯಾಗಿವೆ. ಇದೇ ಕಾಸರಕೋಡಿನ ಪ್ರವಾಸಿ ಕಡಲತೀರಕ್ಕೆ 2020ರಲ್ಲಿ ‘ನೀಲಿ ಬಾವುಟ’ದ ಮನ್ನಣೆ ದೊರೆಯಿತು. ಒಂದೇ ಊರಿನ ಮರಳಿನಲ್ಲಿ ಸ್ವಚ್ಛತೆಗೆ ಬಾವುಟ ಸಿಕ್ಕಿತು. ಮೀನು ಒಣಗಿಸುವವಳ ಹಕ್ಕಿಗೆ ಕಾಗದವೂ ಸಿಗಲಿಲ್ಲ. ಬಂದರು ಬಂದರೆ ಉದ್ಯೋಗ ಬರುತ್ತದೆಂಬ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಕೆಲಸವಿಲ್ಲದೆ ಗಲ್ಫಿಗೂ ಗೋವೆಗೂ ಹೋದ ಮಕ್ಕಳು ಈ ಮೂರೂ ತಾಲೂಕುಗಳ ಮನೆಗಳಲ್ಲಿದ್ದಾರೆ. ಆದರೆ ಚರಿತ್ರೆ ಒಂದು ಮಾತನ್ನು ನೆನಪಿಸುತ್ತದೆ. 1860ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ, ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾದ ಬಂದರಿನಿಂದ ಹೊರಹೋಯಿತು. ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಮುಂದೆ ರೈಲು ಮುರ್ಮಗೋವಾದ ಕಡೆಗೆ ತಿರುಗಿತು, ಬಂದರು ಬಡವಾಯಿತು. ಊರಿನ ಹೆಸರು ಹತ್ತಿಗೆ ಅಂಟಿತು. ಅಂಡಿಗೆ ಹೊತ್ತವರ ಹೆಸರು ಎಲ್ಲೂ ಅಂಟಲಿಲ್ಲ.

‘ಲಾಬೊರೆಮ್ ಎಕ್ಸೆರ್ಚೆನ್ಸ್’ನಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಎರಡು ಮಾತು ಹೇಳಿದ್ದಾರೆ. ಬಂಡವಾಳಕ್ಕಿಂತ ದುಡಿಮೆಗೆ ಆದ್ಯತೆಯೆಂಬುದು ಮೊದಲನೆಯದು. ಎರಡನೆಯದು ‘ಪರೋಕ್ಷ ನೇಮಕದಾರ’ ಎಂಬ ಪರಿಕಲ್ಪನೆ: ಕೂಲಿ ಕೊಡುವವನು ಮಾತ್ರವಲ್ಲ, ದುಡಿಮೆಯ ಷರತ್ತುಗಳನ್ನು ಗೊತ್ತುಮಾಡುವ ಸರಕಾರ, ಕಾನೂನು, ಒಪ್ಪಂದಗಳೂ ಹೊಣೆಗಾರರು. ಆ ವಿಶ್ವಪತ್ರದಲ್ಲಿ ಕೃಷಿಗೆ ಪ್ರತ್ಯೇಕ ಭಾಗವಿದೆ, ಮೀನುಗಾರಿಕೆಗಿಲ್ಲ. ಆದರೂ ಮಾಲೀಕನೇ ಇಲ್ಲದ ಮೀನುಗಾರನಿಗೆ ಈ ಎರಡನೆಯ ಮಾತೇ ಹೆಚ್ಚು ಒದಗುತ್ತದೆ. ಟೊಂಕದ ಹೆಂಗಸನ್ನು ಯಾರೂ ಕೆಲಸಕ್ಕಿಟ್ಟುಕೊಂಡಿಲ್ಲ. ಆದರೆ ದಂಡೆಯನ್ನು ಗುತ್ತಿಗೆ ಕೊಟ್ಟ ಕರಾರು ಅವಳ ದುಡಿಮೆಯ ಷರತ್ತನ್ನು ಬದಲಿಸಿದೆ. ಆ ಕರಾರಿಗೆ ರುಜು ಹಾಕಿದವರೆಲ್ಲ ಅವಳ ಪರೋಕ್ಷ ನೇಮಕದಾರರು. ಅವಳಿಗೆ ಉತ್ತರ ಹೇಳಬೇಕಾದವರು. ಸಣ್ಣ ಮೀನುಗಾರರ ಬದಲಿ ದಾರಿಯಿಲ್ಲದ ಸ್ಥಿತಿಯನ್ನು 2015ರ ‘ಲೌದಾತೊ ಸಿ’ ಪ್ರಸ್ತಾಪಿಸಿದಾಗ ಈ ಹೊಣೆಯೇ ಇನ್ನಷ್ಟು ಹತ್ತಿರ ಬಂದಿತು.

ಹಾಗೆಂದು ದೇಸಾಯಿಯವರನ್ನು ವಿಮರ್ಶೆಗೆ ಅತೀತರೆಂದು ನಿಲ್ಲಿಸುವುದು ಅವರಿಗೇ ಅನ್ಯಾಯ. ಅವರ ಚುಟುಕುಗಳು ಅನೇಕ ಕಡೆ ಲಂಚಕೋರನನ್ನು, ಡಾಂಭಿಕನನ್ನು ನಗೆಯಿಂದ ಚುಚ್ಚುತ್ತವೆ. ವ್ಯವಸ್ಥೆ ಅಲ್ಲಿ ವ್ಯಕ್ತಿಯ ದುರ್ಗುಣವಾಗಿ ಕುಗ್ಗುವುದುಂಟು. ರೈತ ಹೋರಾಟದ ಫಲಕ್ಕೂ ಒಂದು ಮಿತಿಯಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಭೂ ಸುಧಾರಣಾ ಕಾಯಿದೆ ಈ ಜಿಲ್ಲೆಯಲ್ಲಿ ಸಾವಿರಾರು ಒಕ್ಕಲುಗಳನ್ನು ಒಡೆಯರನ್ನಾಗಿಸಿತು. ಆದರೆ ನಮೂನೆ 7ರ ಅರ್ಜಿ ಹಾಕಬಲ್ಲವನು ಗೇಣಿದಾರ. ಅವನ ಗದ್ದೆಯಲ್ಲಿ ನೆಟ್ಟಿ ಮಾಡಿದ ಕೂಲಿಯಾಳಿಗೆ ಹಾಕಲು ಅರ್ಜಿಯಿರಲಿಲ್ಲ, ಅವನೊಡನೆ ದುಡಿದ ಹೆಂಡತಿಯ ಹೆಸರು ಸಾಮಾನ್ಯವಾಗಿ ಪಹಣಿ ಸೇರಲಿಲ್ಲ. ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪುಮೀನು ಆಯುವ ಹೆಂಗಸರ ದುಡಿಮೆಗೆ ಪಹಣಿಯೇ ಇಲ್ಲ. 2024ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತೆಂಬುದು ಸಂತೋಷದ ಸಂಗತಿ, ಆಯುವವರು ಯಾವ ಪಟ್ಟಿಗೆ ಸೇರಿದರೆಂಬುದು ಉಳಿದ ಪ್ರಶ್ನೆ. ಜೆಬೆದಾಯನ ದೋಣಿಯಲ್ಲಿ ಯಾವಾಗಲೂ ಇನ್ನೂ ಯಾರೋ ಉಳಿದಿರುತ್ತಾರೆ.

ಧರ್ಮಸಭೆ ಏನು ಮಾಡಬಲ್ಲದು? ಕೇರಳದ ಉದಾಹರಣೆ ನಮ್ಮ ಮುಂದಿದೆ. 1980ರ ದಶಕದಲ್ಲಿ ಅಲ್ಲಿ ಮೀನುಗಾರರ ಜೊತೆ ಗುರುಗಳೂ ಕನ್ಯಾಸ್ತ್ರೀಯರೂ ಉಪವಾಸ ಕುಳಿತರು. ರಿಡೆಂಪ್ಟರಿಸ್ಟ್ ಗುರು ತೋಮಸ್ ಕೊಚ್ಚೇರಿ ರಾಷ್ಟ್ರಮಟ್ಟದಲ್ಲಿ ಮೀನುಗಾರರ ಸಂಘಟನೆಯನ್ನು ಮುನ್ನಡೆಸಿದರು. 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಬಂದಿತು. ಆ ಚಳವಳಿ ಬೆಳೆದದ್ದು ಧರ್ಮಕೇಂದ್ರದ ಗೋಡೆಯನ್ನು ದಾಟಿ ಎಲ್ಲ ಮತದವರ ಸಂಘವಾದಾಗ. 2022ರ ವಿಳಿಂಞಂನಲ್ಲಿ ಮಹಾಧರ್ಮಕ್ಷೇತ್ರವೇ ಮುಂದೆ ನಿಂತಿತು. ಬಂದರಿನ ಪ್ರಶ್ನೆಯನ್ನು ಮತದ ಪ್ರಶ್ನೆಯಾಗಿ ತಿರುಗಿಸುವುದು ವಿರೋಧಿಗಳಿಗೆ ಸುಲಭವಾಯಿತು. ಕಾರವಾರ ಧರ್ಮಕ್ಷೇತ್ರದ ಕ್ರೈಸ್ತರು ಸಂಖ್ಯೆಯಲ್ಲಿ ಕಡಿಮೆ. ಹೊನ್ನಾವರದ ಮೀನುಗಾರರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಇದು ಕೊರತೆಯೆಂದು ನಾವು ಭಾವಿಸುವುದಿಲ್ಲ. 1993ರ ಭಟ್ಕಳದ ಗಲಭೆ, 2017ರ ಡಿಸೆಂಬರಿನಲ್ಲಿ ಹೊನ್ನಾವರ, ಕುಮಟಾಗಳಲ್ಲಿ ಕಂಡ ಹಿಂಸೆ ದುಡಿಯುವವರನ್ನು ಮತದ ಗೆರೆಯಲ್ಲಿ ಸೀಳಿದ ಗಾಯಗಳು. ಅಂಥ ನೆಲದಲ್ಲಿ ಒಂದೇ ದಂಡೆಗಾಗಿ ಮೂರು ಮತದವರು ಒಟ್ಟಿಗೆ ಕೂರುವುದೇ ಒಂದು ಸಾಮಾಜಿಕ ಸಂಸ್ಕಾರ. ಅಲ್ಲಿ ಧರ್ಮಸಭೆ ಮುನ್ನಡೆಸುವ ಆಸೆ ಬಿಟ್ಟು ಪಕ್ಕದಲ್ಲಿ ಕೂರುವುದನ್ನು ಕಲಿಯಬೇಕು.

ಗುರುಮಠಗಳ ಮಟ್ಟಿಗೆ ನಮ್ಮ ಸೂಚನೆಗಳು ಮೂರು. ಸಾಮಾಜಿಕ ಬೋಧನೆಯ ಪಾಠದಲ್ಲಿ ಗಿರಣಿಯ ಜೊತೆಗೆ ಗೇಣಿ, ಪಾಲು, ಮುಂಗಡ ಎಂಬ ಮೂರು ಪದಗಳ ಚರಿತ್ರೆಯೂ ಬರಲಿ. ‘ಗೌದಿಯುಮ್ ಎತ್ ಸ್ಪೆಸ್’ನ 68ನೇ ಪ್ರಕರಣ ಸಂಘ ಕಟ್ಟುವುದನ್ನು ಮನುಷ್ಯನ ಮೂಲಭೂತ ಹಕ್ಕುಗಳಲ್ಲಿ ಒಂದೆಂದು ಎಣಿಸುತ್ತದೆ, ಆ ಹಕ್ಕೇ ಇಲ್ಲದ ಸೌದಿ, ದುಬೈಗಳಲ್ಲಿ ದುಡಿಯುವ ಭಟ್ಕಳದವರ ಬಾಳನ್ನು ಆ ಪ್ರಕರಣದೊಡನೆ ಓದಿಸಲಿ. ಕೊನೆಯದಾಗಿ, ನಮ್ಮ ಸಂಸ್ಥೆಗಳ ಅಡುಗೆಮನೆ, ತೋಟ, ಶಾಲೆಗಳಲ್ಲಿ ದುಡಿಯುವವರ ಕೂಲಿ, ರಜೆ, ಭವಿಷ್ಯನಿಧಿಗಳ ಲೆಕ್ಕವನ್ನು ವಿದ್ಯಾರ್ಥಿಗಳ ಮುಂದೆ ಇಡಲಿ. ತಡೆಹಿಡಿದ ಕೂಲಿ ದೇವರಿಗೆ ಕೇಳುವಂತೆ ಕೂಗುತ್ತದೆಂದು ಸಂತ ಯಕೋಬನ ಪತ್ರ (5:4) ಹೇಳುವಾಗ ಅದು ಪರರ ಹೊಲವನ್ನು ಮಾತ್ರ ಕುರಿತದ್ದಲ್ಲ.

2025ರಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೇ ಲಿಯೋ ಎಂಬ ಹೆಸರನ್ನು ‘ರೇರುಮ್ ನೊವಾರುಮ್’ನ ನೆನಪಿಗೆಂದೇ ತಳೆದರು. ನಮ್ಮ ತರಗತಿಗಳಲ್ಲಿ ಆ ವಿಶ್ವಪತ್ರ ಮತ್ತೆ ತೆರೆಯಲಿದೆ. ತೆರೆಯುವಾಗ ಪಕ್ಕದಲ್ಲಿ ದೇಸಾಯಿಯವರ ಕವನವೂ ಇರಲಿ, ಟೊಂಕದ ಗುತ್ತಿಗೆ ಕರಾರಿನ ಪ್ರತಿಯೂ ಇರಲಿ. ಮೂರನ್ನೂ ಒಟ್ಟಿಗೆ ಓದಬಲ್ಲ ಗುರು ಮಾತ್ರ ಈ ಕರಾವಳಿಯ ಧರ್ಮಕೇಂದ್ರದಲ್ಲಿ ಕಾಳಿನ ಸಾಮತಿಯನ್ನು ಬೋಧಿಸಲು ಅರ್ಹನು.